ಕುಂಟುವ ಕೋಳಿ ಕಲಿಸಿದ ಪಾಠ
(ಡಾ. ಕ್ರಿಶ್ಚಿಯಾನ್ ಐಕ್‌ಮನ್ ಅವರ ಜೀವನ ಮತ್ತು ಸಾಧನೆ)



ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ನಿಮ್ಮ ಹಿತ್ತಲಿನ ಕೋಳಿಯೊಂದು ಕುಂಟುತ್ತಾ ಹೊರಬಂತೆಂದು ಇಟ್ಟುಕೊಳ್ಳಿ. ನೀವು ಮೊದಲು ಏನು ಮಾಡುತ್ತೀರಿ? ನಮ್ಮ ನಾನಿಯ ಮನೆಯಲ್ಲಿ ಹತ್ತು ಹದಿನೈದು ನಾಟಿ ಕೋಳಿಗಳಿದ್ದವು. ಯಾವುದಾದರೂ ಕುಂಟಿದರೆ ನಾನಿ ಅದನ್ನು ಹಿಡಿದು ಮಡಿಲಲ್ಲಿಟ್ಟುಕೊಂಡು ಪಾದವನ್ನು ಮೇಲೆ ಮಾಡಿ ನೋಡುತ್ತಿದ್ದರು. ಮುಳ್ಳು ಚುಚ್ಚಿದೆಯೇ, ಬೆರಳಿಗೆ ದಾರ ಸುತ್ತಿಕೊಂಡಿದೆಯೇ, ಅಂಗಾಲಿನಲ್ಲಿ ಬಾವು ಇದೆಯೇ, ಮೂಳೆಗೆ ಪೆಟ್ಟಾಗಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ಏನೂ ಕಾಣದಿದ್ದರೆ ಉಳಿದ ಕೋಳಿಗಳ ನಡಿಗೆಯನ್ನು ಗಮನಿಸುತ್ತಿದ್ದರು. ಅವೂ ಕುಂಟುತ್ತಿದ್ದರೆ ಅವರ ಯೋಚನೆ ಬೇರೆ ಕಡೆಗೆ ಹೋಗುತ್ತಿತ್ತು. ಯಾರು ಏನು ಹಾಕಿದರು, ಇವು ಎಲ್ಲಿ ಏನು ತಿಂದವು ಎಂದು ಮನೆಯವರನ್ನೆಲ್ಲಾ ವಿಚಾರಿಸುತ್ತಿದ್ದರು. ಒಂದು ಕೋಳಿ ಕುಂಟಿದರೆ ಕಾಲು ನೋಡಬೇಕು, ಹತ್ತು ಕೋಳಿ ಕುಂಟಿದರೆ ಕಾಳು ನೋಡಬೇಕು ಎಂಬುದು ಅವರ ಅನುಭವದ ತಿಳಿವಳಿಕೆಯಾಗಿತ್ತು.

ಇದೇ ಪ್ರಶ್ನೆಯನ್ನು 1889ರಲ್ಲಿ ಜಾವಾ ದ್ವೀಪದಲ್ಲಿ ಒಬ್ಬ ವೈದ್ಯರು ಕೇಳಿಕೊಂಡರು. ಅದರ ಉತ್ತರ ಲಕ್ಷಾಂತರ ಜನರ ಪ್ರಾಣ ಉಳಿಸುವ ದಾರಿಯನ್ನು ತೆರೆಯಿತು. ಜೀವಸತ್ವ ಎಂಬ ಕಲ್ಪನೆ ಹುಟ್ಟಲು ಅದೂ ಒಂದು ಕಾರಣವಾಯಿತು. 40 ವರ್ಷಗಳ ನಂತರ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಅವರೇ ಹಾಲೆಂಡಿನ ಡಾ. ಕ್ರಿಶ್ಚಿಯಾನ್ ಐಕ್‌ಮನ್.

ಬಾಲ್ಯ ಮತ್ತು ವಿದ್ಯಾಭ್ಯಾಸ

ಐಕ್‌ಮನ್ ಅವರು 1858ರ ಆಗಸ್ಟ್ 11ರಂದು ಹಾಲೆಂಡಿನ ನೈಕೆರ್ಕ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಶಾಲೆಯ ಮುಖ್ಯೋಪಾಧ್ಯಾಯರು, ಐಕ್‌ಮನ್ ಅವರ ಏಳನೆಯ ಮಗು. ಮರುವರ್ಷವೇ ತಂದೆಗೆ ಝಾನ್‌ಡಾಮ್ ಎಂಬಲ್ಲಿ ಹೊಸ ಶಾಲೆಯ ಜವಾಬ್ದಾರಿ ಬಂದದ್ದರಿಂದ ಕುಟುಂಬ ಅಲ್ಲಿಗೆ ಹೋಯಿತು. 1875ರಲ್ಲಿ ಐಕ್‌ಮನ್ ಆಮ್‌ಸ್ಟರ್‌ಡಾಮ್‌ನ ಸೇನಾ ವೈದ್ಯಕೀಯ ಶಾಲೆಯನ್ನು ಸೇರಿದರು. ನರಗಳ ಕಾರ್ಯದ ಬಗ್ಗೆ ಪ್ರಬಂಧ ಬರೆದು 1883ರಲ್ಲಿ ಗೌರವಪೂರ್ವಕವಾಗಿ ಡಾಕ್ಟರೇಟ್ ಪಡೆದರು. ನರಗಳ ಈ ಅಧ್ಯಯನ ಮುಂದೆ ಅವರ ಕೈಹಿಡಿಯಿತು.

ಅದೇ ವರ್ಷ ಅವರು ಸೇನಾ ವೈದ್ಯರಾಗಿ ಡಚ್ಚರ ವಸಾಹತಾಗಿದ್ದ ಇಂದಿನ ಇಂಡೋನೇಷ್ಯಾಕ್ಕೆ ಹೊರಟರು. ಜಾವಾದ ಸೆಮರಾಂಗ್ ಮತ್ತು ಚಿಲಾಚಾಪ್ ಹಾಗೂ ಸುಮಾತ್ರಾದಲ್ಲಿ ಸೇವೆ ಸಲ್ಲಿಸಿದರು. ಚಿಲಾಚಾಪ್‌ನಲ್ಲಿ ಮಲೇರಿಯಾ ತಗುಲಿ ಆರೋಗ್ಯ ಕೆಟ್ಟಿತು. 1885ರಲ್ಲಿ ರಜೆಯ ಮೇಲೆ ತಾಯ್ನಾಡಿಗೆ ಮರಳಬೇಕಾಯಿತು. 1886ರಲ್ಲಿ ಪತ್ನಿ ತೀರಿಕೊಂಡರು. ಮದುವೆಯಾಗಿ ಆಗ ಕೇವಲ ಮೂರು ವರ್ಷಗಳಾಗಿದ್ದವು. ರೋಗ ಮತ್ತು ದುಃಖ ಎರಡೂ ಒಟ್ಟಿಗೆ ಬಂದ ಆ ಕಾಲದಲ್ಲಿಯೂ ಅವರು ಕಲಿಕೆಯನ್ನು ಬಿಡಲಿಲ್ಲ. ಬರ್ಲಿನ್‌ಗೆ ಹೋಗಿ ಕ್ಷಯ ಮತ್ತು ಕಾಲರಾ ರೋಗಾಣುಗಳನ್ನು ಗುರುತಿಸಿ ಜಗತ್ಪ್ರಸಿದ್ಧರಾಗಿದ್ದ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ರೋಗಾಣುಶಾಸ್ತ್ರವನ್ನು ಕಲಿತರು.

ಬೆರಿಬೆರಿ ಎಂಬ ಪಿಡುಗು

ಆಗ ಏಷ್ಯಾದ ಅನ್ನ ಉಣ್ಣುವ ನಾಡುಗಳಲ್ಲಿ ಬೆರಿಬೆರಿ ಎಂಬ ರೋಗ ಜನರನ್ನು ಕಾಡುತ್ತಿತ್ತು. ಮೊದಲು ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಸ್ನಾಯುಗಳು ಸೊರಗುತ್ತವೆ. ಕೆಲವರಿಗೆ ಮೈಯಲ್ಲಿ ನೀರು ತುಂಬಿ ಊತ ಬರುತ್ತದೆ, ಹೃದಯ ಸೋತು ಸಾವು ಸಂಭವಿಸುತ್ತದೆ. ಸೈನಿಕರು, ನಾವಿಕರು, ಕೈದಿಗಳು ಮತ್ತು ಗಣಿ ಕೂಲಿಗಳು, ಅಂದರೆ ಒಂದೇ ಅಡುಗೆಮನೆಯ ಊಟ ಮಾಡುವವರು, ಗುಂಪು ಗುಂಪಾಗಿ ಇದಕ್ಕೆ ಬಲಿಯಾಗುತ್ತಿದ್ದರು. ಸುಮಾತ್ರಾದ ಆಚೆ ರಾಜ್ಯವನ್ನು ವಶಪಡಿಸಿಕೊಳ್ಳಲು ಡಚ್ಚರು 1873ರಲ್ಲಿ ಆರಂಭಿಸಿದ ಯುದ್ಧ ಮುಗಿಯದೇ ಎಳೆಯುತ್ತಿತ್ತು. ಅಲ್ಲಿನ ಸೈನ್ಯದಲ್ಲಿ ಬೆರಿಬೆರಿ ಹರಡಿದಾಗ ಸರ್ಕಾರ ಎಚ್ಚೆತ್ತುಕೊಂಡಿತು. ಅದಕ್ಕೆ ಮುಖ್ಯವಾಗಿದ್ದುದು ಸೈನ್ಯದ ಚಿಂತೆ ಎಂಬುದನ್ನು ಮರೆಮಾಚಬೇಕಾಗಿಲ್ಲ.

ರೋಗದ ಕಾರಣ ಹುಡುಕಲು ಪೆಕೆಲ್‌ಹರಿಂಗ್ ಮತ್ತು ವಿಂಕ್ಲರ್ ಎಂಬ ಇಬ್ಬರು ತಜ್ಞರನ್ನು ಸರ್ಕಾರ ನೇಮಿಸಿತು. ಬರ್ಲಿನ್‌ನಲ್ಲಿ ಇವರನ್ನು ಭೇಟಿಯಾದ ಐಕ್‌ಮನ್ ಸಹಾಯಕರಾಗಿ ಅವರೊಡನೆ ಹೊರಟು 1886ರಲ್ಲಿ ಪುನಃ ಜಾವಾ ಸೇರಿದರು. ಅದು ರೋಗಾಣುಗಳ ಕಾಲ. ಒಂದರ ಹಿಂದೊಂದು ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಗಳು ಪತ್ತೆಯಾಗುತ್ತಿದ್ದವು. ಬೆರಿಬೆರಿಗೂ ಒಂದು ರೋಗಾಣು ಇರಲೇಬೇಕೆಂದು ಎಲ್ಲರೂ ನಂಬಿದ್ದರು. ತಜ್ಞರಿಬ್ಬರೂ ಅದೇ ಅಭಿಪ್ರಾಯದೊಂದಿಗೆ 1887ರಲ್ಲಿ ಹಿಂದಿರುಗಿದರು. ಬಟಾವಿಯಾ (ಇಂದಿನ ಜಕಾರ್ತ) ನಗರದ ಸೇನಾ ಆಸ್ಪತ್ರೆಯಲ್ಲಿದ್ದ ಅವರ ತಾತ್ಕಾಲಿಕ ಪ್ರಯೋಗಾಲಯ ಕಾಯಂ ಆಯಿತು. 1888ರ ಜನವರಿಯಲ್ಲಿ ಐಕ್‌ಮನ್ ಅದರ ನಿರ್ದೇಶಕರಾದರು. ಆಗ ಅವರಿಗೆ 29 ವರ್ಷ. ಸ್ಥಳೀಯ ಯುವಕರಿಗೆ ವೈದ್ಯಕೀಯ ಕಲಿಸುವ ಜಾವಾ ವೈದ್ಯ ಶಾಲೆಯ ಹೊಣೆಯೂ ಅವರ ಮೇಲೆ ಬಿತ್ತು.

ಅಂಗಳದ ಕೋಳಿಗಳು

ರೋಗಾಣುವನ್ನು ಸಾಬೀತುಪಡಿಸಬೇಕಾದರೆ ಅದನ್ನು ಪ್ರಾಣಿಗೆ ಚುಚ್ಚಿ ರೋಗ ಬರಿಸಿ ತೋರಿಸಬೇಕು. ಐಕ್‌ಮನ್ ಕೋಳಿಗಳನ್ನು ಆರಿಸಿಕೊಂಡರು. ಕೋಳಿ ಅಗ್ಗವಾಗಿ ಸಿಗುತ್ತದೆ, ಹೆಚ್ಚು ಸಂಖ್ಯೆಯಲ್ಲಿ ಸಾಕಬಹುದು. ಕೆಲವಕ್ಕೆ ಚುಚ್ಚುಮದ್ದು ಕೊಟ್ಟರು. ಕೆಲವನ್ನು ಏನೂ ಮಾಡದೆ ಹೋಲಿಕೆಗೆಂದು ಹಾಗೆಯೇ ಇಟ್ಟರು. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಯಾವ ಪ್ರಯೋಗಕ್ಕೂ ಇಂಥ ಹೋಲಿಕೆಯ ಗುಂಪು ಅಗತ್ಯ. ಅದಿಲ್ಲದಿದ್ದರೆ ಬದಲಾವಣೆ ನಮ್ಮ ಕ್ರಿಯೆಯಿಂದ ಆಯಿತೋ ಬೇರೆ ಕಾರಣದಿಂದಲೋ ತಿಳಿಯುವುದಿಲ್ಲ.

1889ರ ಜುಲೈ 10ರಂದು ಕೋಳಿಗಳಲ್ಲಿ ರೋಗ ಕಾಣಿಸಿಕೊಂಡಿತು. ಮೊದಲು ನಡಿಗೆ ತಪ್ಪಿತು. ಕಾಲು ಕುಸಿಯತೊಡಗಿತು. ಗೂಡಿನ ಕೋಲಿನ ಮೇಲೆ ಕೂರಲಾಗದೆ ಕೆಳಗೆ ಬೀಳುತ್ತಿದ್ದವು. ಮುಂದೆ ಏಳಲಾಗದೆ ಪಕ್ಕಕ್ಕೆ ಒರಗಿ ಮಲಗಿದವು. ರೆಕ್ಕೆ, ಕುತ್ತಿಗೆಗಳಿಗೂ ಬಲಹೀನತೆ ಹರಡಿತು. ಜುಟ್ಟು ನೀಲಿಗಟ್ಟಿತು, ಉಸಿರು ನಿಧಾನವಾಯಿತು, ಕೊನೆಗೆ ಸತ್ತವು. ಸತ್ತ ಕೋಳಿಯ ನರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ನಶಿಸಿರುವುದು ಕಂಡಿತು. ಬೆರಿಬೆರಿ ರೋಗಿಯ ನರಗಳಲ್ಲಿಯೂ ಇದೇ ಹಾನಿ ಕಾಣುತ್ತಿತ್ತು.

ರೋಗಾಣುವನ್ನೇ ನಂಬಿದ್ದ ವಿಜ್ಞಾನಿಗೆ ಇದಕ್ಕಿಂತ ಸಂತೋಷ ಬೇರೆ ಏನಿತ್ತು? ಆದರೆ ಒಂದು ತೊಡಕಿತ್ತು. ಚುಚ್ಚುಮದ್ದು ಕೊಟ್ಟ ಕೋಳಿಗಳಂತೆಯೇ ಕೊಡದ ಕೋಳಿಗಳೂ ಕುಂಟುತ್ತಿದ್ದವು. ಬೇರೆ ಬೇರೆ ಇಟ್ಟರೂ ಫಲ ಒಂದೇ. ಎಷ್ಟು ಹುಡುಕಿದರೂ ರೋಗಾಣು ಸಿಗಲಿಲ್ಲ. ಗಾಳಿಯಿಂದ ಸೋಂಕು ಹರಡಿತೆಂದು ಹೇಳಿ ವರದಿ ಮುಗಿಸುವುದು ಸುಲಭವಾಗಿತ್ತು. ಐಕ್‌ಮನ್ ಹಾಗೆ ಮಾಡಲಿಲ್ಲ. ನೋಡುತ್ತಾ, ದಿನಾಂಕ ಬರೆಯುತ್ತಾ ಹೋದರು. ಹೀಗಿರುವಾಗ ನವೆಂಬರ್ ಕೊನೆಯ ದಿನಗಳಲ್ಲಿ ರೋಗ ತಾನಾಗಿಯೇ ನಿಂತುಹೋಯಿತು. ಕುಂಟುತ್ತಿದ್ದ ಕೋಳಿಗಳು ಚೇತರಿಸಿಕೊಂಡವು, ಹೊಸದಾಗಿ ಯಾವುದಕ್ಕೂ ರೋಗ ಬರಲಿಲ್ಲ.

ಅಡುಗೆಯವರು ಬದಲಾದರು

ರೋಗ ಏಕೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಅದು ಏಕೆ ಹೋಯಿತು ಎಂದು ಕೇಳುವವರು ಕಡಿಮೆ. ಐಕ್‌ಮನ್ ಕೇಳಿದರು. ಕೋಳಿಗಳನ್ನು ನೋಡಿಕೊಳ್ಳುತ್ತಿದ್ದ ಪ್ರಯೋಗಾಲಯದ ನೌಕರ ಒಂದು ಸಂಗತಿಯನ್ನು ತಿಳಿಸಿದ. ಖರ್ಚು ಉಳಿಸಲು ಅವನು ಕೆಲವು ಕಾಲ ಕೋಳಿಗಳಿಗೆ ಕಾಳು ಕೊಂಡು ಹಾಕದೆ ಸೇನಾ ಆಸ್ಪತ್ರೆಯ ಅಡುಗೆಮನೆಯಿಂದ ಅನ್ನ ತಂದು ಹಾಕುತ್ತಿದ್ದ. ನಂತರ ಅಡುಗೆಯವರು ಬದಲಾದರು. ಹೊಸದಾಗಿ ಬಂದ ಅಡುಗೆಯವನಿಗೆ ಸೈನಿಕರಿಗೆಂದು ಬಂದ ಅಕ್ಕಿಯನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡುವುದು ಸರಿಕಾಣಲಿಲ್ಲ. ಅವನು ಖಡಾಖಂಡಿತವಾಗಿ ನಿರಾಕರಿಸಿದ. ಕೋಳಿಗಳು ಮತ್ತೆ ಹಳೆಯ ಒರಟು ಆಹಾರಕ್ಕೆ ಬಂದವು.

ದಿನಾಂಕಗಳನ್ನು ಹೋಲಿಸಿ ನೋಡಿದರು. ಜೂನ್ 17ರಿಂದ ನವೆಂಬರ್ 27ರವರೆಗೆ ಆಸ್ಪತ್ರೆಯ ಬಿಳಿ ಅನ್ನ. ಜುಲೈ 10ರಿಂದ ನವೆಂಬರ್ ಕೊನೆಯವರೆಗೆ ರೋಗ. ಅನ್ನ ಶುರುವಾಗಿ ಮೂರು ವಾರ ಕಳೆದ ಮೇಲೆ ಕುಂಟುವುದು ಶುರುವಾಗಿತ್ತು, ಅನ್ನ ನಿಂತೊಡನೆ ಅದೂ ನಿಂತಿತ್ತು. ಕೋಳಿಗೆ ಒಳ್ಳೆಯ ಅನ್ನ ಹಾಕಿದವನು ಅರಿಯದೆ ಅದನ್ನು ಕುಂಟಾಗಿಸಿದ್ದ. ಜಿಪುಣತನ ತೋರಿದವನು ಅರಿಯದೆ ಅದನ್ನು ಬದುಕಿಸಿದ್ದ!

ತೌಡಿನ ಗುಟ್ಟು

ಇದು ಕಾಕತಾಳೀಯವೂ ಆಗಿರಬಹುದು. ಆದ್ದರಿಂದ ಐಕ್‌ಮನ್ ಕ್ರಮಬದ್ಧವಾಗಿ ಪ್ರಯೋಗ ಆರಂಭಿಸಿದರು. ಪಾಲಿಷ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳು ಮೂರು ನಾಲ್ಕು ವಾರಗಳಲ್ಲಿ ಕುಂಟಿದವು. ಪಾಲಿಷ್ ಮಾಡದ ಅಕ್ಕಿ ತಿಂದವು ಆರೋಗ್ಯವಾಗಿದ್ದವು. ಕುಂಟುವ ಕೋಳಿಗೆ ಪಾಲಿಷ್ ಮಾಡದ ಅಕ್ಕಿ ಕೊಟ್ಟಾಗ ಅದು ಎದ್ದು ನಡೆಯಿತು. ಅನ್ನ ಹಳಸಿದ್ದರಿಂದಲೇ, ನೀರಿನಿಂದಲೇ, ಬೇಯಿಸಿದ್ದರಿಂದಲೇ ಎಂಬ ಸಂದೇಹಗಳನ್ನು ಒಂದೊಂದಾಗಿ ಪರೀಕ್ಷಿಸಿ ಬದಿಗಿಟ್ಟರು. ಕೊನೆಗೆ ಉಳಿದದ್ದು ಅಕ್ಕಿಯ ಕಾಳಿಗೆ ಅಂಟಿಕೊಂಡಿರುವ ತೆಳುವಾದ ಪೊರೆ, ಅಂದರೆ ಗಿರಣಿಯಲ್ಲಿ ತೌಡಾಗಿ ಹೋಗುವ ಭಾಗ. ಅದನ್ನು ಬಿಳಿ ಅಕ್ಕಿಯೊಂದಿಗೆ ಬೆರೆಸಿ ಕೊಟ್ಟರೂ ಸಾಕು, ಕೋಳಿಗೆ ರೋಗ ಬರುತ್ತಿರಲಿಲ್ಲ.

ಹಿಂದೆ ಮನೆಮನೆಯಲ್ಲಿ ಹೆಂಗಸರು ಒನಕೆಯಿಂದ ಭತ್ತ ಕುಟ್ಟುತ್ತಿದ್ದಾಗ ಹೊಟ್ಟು ಹೋದರೂ ತೌಡಿನ ಸ್ವಲ್ಪ ಭಾಗ ಕಾಳಿನಲ್ಲಿಯೇ ಉಳಿಯುತ್ತಿತ್ತು. 19ನೇ ಶತಮಾನದಲ್ಲಿ ಉಗಿಯಂತ್ರದ ಗಿರಣಿಗಳು ಬಂದಮೇಲೆ ಅಕ್ಕಿ ಮುತ್ತಿನಂತೆ ಹೊಳೆಯತೊಡಗಿತು. ಬೆಳ್ಳಗಿದ್ದಷ್ಟೂ ಶ್ರೇಷ್ಠವೆಂದು ಜನ ತಿಳಿದರು. ಆ ಅಕ್ಕಿ ಹೆಚ್ಚು ದಿನ ಕೆಡದೆ ಇರುತ್ತಿದ್ದುದರಿಂದ ಸೈನ್ಯಕ್ಕೂ ಹಡಗಿಗೂ ಅದೇ ಹೋಯಿತು. ನಾವು ಕನ್ನಡದಲ್ಲಿ ವ್ಯರ್ಥ ಕೆಲಸಕ್ಕೆ ತೌಡು ಕುಟ್ಟುವುದು ಎನ್ನುತ್ತೇವೆ. ಐಕ್‌ಮನ್ ಮಾತ್ರ ತೌಡು ಕುಟ್ಟಿಯೇ ಜೀವ ಉಳಿಸುವ ದಾರಿಯನ್ನು ಕಂಡರು.

ಸೆರೆಮನೆಗಳ ಸಾಕ್ಷ್ಯ

ಕೋಳಿಗೆ ಸರಿಹೊಂದಿದ್ದು ಮನುಷ್ಯನಿಗೂ ಸರಿಯೇ? ಜಾವಾದ ಸೆರೆಮನೆಗಳಲ್ಲಿ ಆಯಾ ಪ್ರದೇಶದ ಪದ್ಧತಿಯಂತೆ ಕೆಲವೆಡೆ ಬಿಳಿ ಅಕ್ಕಿ, ಕೆಲವೆಡೆ ಪಾಲಿಷ್ ಮಾಡದ ಅಕ್ಕಿ ಬಳಸುತ್ತಿದ್ದರು. ಐಕ್‌ಮನ್ ತಮ್ಮ ಕೋಳಿಗಳ ವಿಷಯವನ್ನು ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಆಗಿದ್ದ ಅಡಾಲ್ಫ್ ಫೋರ್ಡರ್‌ಮನ್ ಅವರಿಗೆ ತಿಳಿಸಿದ್ದರು. ಫೋರ್ಡರ್‌ಮನ್ 1896-97ರಲ್ಲಿ ಜಾವಾ ಮತ್ತು ಮದುರಾ ದ್ವೀಪಗಳ 101 ಸೆರೆಮನೆಗಳ, ಸುಮಾರು 2,80,000 ಕೈದಿಗಳ ಮಾಹಿತಿ ಸಂಗ್ರಹಿಸಿದರು. ಪಾಲಿಷ್ ಮಾಡದ ಅಕ್ಕಿ ಬಳಸುತ್ತಿದ್ದ 37 ಸೆರೆಮನೆಗಳಲ್ಲಿ ಬೆರಿಬೆರಿ ಇದ್ದದ್ದು ಒಂದೇ ಒಂದರಲ್ಲಿ. ಎರಡನ್ನೂ ಬೆರೆಸುತ್ತಿದ್ದ 13ರಲ್ಲಿ 6. ಬಿಳಿ ಅಕ್ಕಿ ಬಳಸುತ್ತಿದ್ದ 51ರಲ್ಲಿ 36. ಕಟ್ಟಡ ಹಳೆಯದೇ ಹೊಸದೇ, ಗಾಳಿ ಬರುತ್ತದೆಯೇ, ಜನದಟ್ಟಣೆ ಎಷ್ಟು ಎಂಬುದನ್ನೆಲ್ಲಾ ಪರಿಶೀಲಿಸಿದರೂ ರೋಗಕ್ಕೆ ಅವುಗಳ ಸಂಬಂಧ ಕಾಣಲಿಲ್ಲ.

ಇಷ್ಟರಲ್ಲಿ ಐಕ್‌ಮನ್ ಅವರ ಆರೋಗ್ಯ ಮತ್ತೆ ಕೈಕೊಟ್ಟಿತು. 1896ರ ಮಾರ್ಚ್‌ನಲ್ಲಿ ಅವರು ಜಾವಾ ಬಿಟ್ಟರು. 1898ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಜಾವಾದಲ್ಲಿ ಅವರು ಮಾಡಿದ ಇನ್ನೊಂದು ಕೆಲಸವನ್ನೂ ಇಲ್ಲಿ ಹೇಳಬೇಕು. ಉಷ್ಣವಲಯದಲ್ಲಿ ಬಿಳಿಯರ ದೇಹ ಬೇರೆ ರೀತಿ, ಸ್ಥಳೀಯರ ದೇಹ ಬೇರೆ ರೀತಿ ಕೆಲಸ ಮಾಡುತ್ತದೆ ಎಂಬ ಅಭಿಪ್ರಾಯ ಅಂದು ಪ್ರಚಲಿತವಾಗಿತ್ತು. ಐಕ್‌ಮನ್ ಇಬ್ಬರ ರಕ್ತವನ್ನೂ ಉಸಿರಾಟವನ್ನೂ ಅಳೆದು ನೋಡಿ ಅಂಥ ಭೇದವಿಲ್ಲವೆಂದು ತೋರಿಸಿದರು.

ಸರಿಯಾದ ಉತ್ತರ, ತಪ್ಪು ವಿವರಣೆ

ಮಹಾಪುರುಷರ ಜೀವನ ಬರೆಯುವಾಗ ಅವರ ತಪ್ಪನ್ನು ಮುಚ್ಚಿಡುವುದು ವಾಡಿಕೆ. ಆದರೆ ಐಕ್‌ಮನ್ ಅವರ ತಪ್ಪಿನಲ್ಲಿಯೂ ಪಾಠವಿದೆ. ಬಿಳಿ ಅಕ್ಕಿಯ ಪಿಷ್ಟದಿಂದ ಒಂದು ವಿಷ ಹುಟ್ಟುತ್ತದೆ, ತೌಡು ಆ ವಿಷಕ್ಕೆ ಪ್ರತಿವಿಷ ಎಂದು ಅವರು ಭಾವಿಸಿದ್ದರು. ರೋಗಕ್ಕೆ ಯಾವುದೋ ಕೆಟ್ಟ ವಸ್ತು ಇರಲೇಬೇಕೆಂಬುದು ಆ ಕಾಲದ ನಂಬಿಕೆ. ಒಂದು ಒಳ್ಳೆಯ ವಸ್ತು ಇಲ್ಲದಿರುವುದೇ ರೋಗಕ್ಕೆ ಕಾರಣವಾದೀತು ಎಂಬುದು ಹೊಳೆಯಲು ಕಷ್ಟವಿತ್ತು.

ಅದು ಹೊಳೆದದ್ದು ಬಟಾವಿಯಾದಲ್ಲಿ ಅವರ ಕೆಲಸವನ್ನು ಮುಂದುವರಿಸಿದ ಗೆರಿಟ್ ಗ್ರೈನ್ಸ್ ಅವರಿಗೆ. ತೌಡಿನಂತೆಯೇ ಹೆಸರುಕಾಳು ಕೂಡ ಕೋಳಿಗಳನ್ನು ರೋಗದಿಂದ ಕಾಪಾಡುತ್ತದೆಂದು ಗ್ರೈನ್ಸ್ ಕಂಡರು. ನರಗಳಿಗೆ ಬೇಕಾದ ಯಾವುದೋ ಅಂಶ ಆಹಾರದಲ್ಲಿ ಸ್ವಲ್ಪವೇ ಪ್ರಮಾಣದಲ್ಲಿ ಇರುತ್ತದೆ, ಅದರ ಕೊರತೆಯೇ ರೋಗ ಎಂದು 1901ರಲ್ಲಿ ಅವರು ವಿವರಿಸಿದರು. ಕೆಲವು ವರ್ಷಗಳ ನಂತರ ಐಕ್‌ಮನ್ ತಮ್ಮ ಹಳೆಯ ವಿವರಣೆಯನ್ನು ಕೈಬಿಟ್ಟರು. ತಮಗಿಂತ ಕಿರಿಯರ ಮಾತು ಸರಿಯೆಂದು ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು.

ಇತ್ತ ಮಲಯಾದಲ್ಲಿ ಬ್ರಿಟಿಷ್ ವೈದ್ಯ ಬ್ರಾಡನ್ ಅವರೂ ಒಂದು ವಿಚಿತ್ರ ಗಮನಿಸಿದರು. ಬಿಳಿ ಅಕ್ಕಿ ಉಣ್ಣುತ್ತಿದ್ದ ಚೀನೀ ಕೂಲಿಗಳಿಗೆ ಬೆರಿಬೆರಿ ಬರುತ್ತಿತ್ತು. ನಮ್ಮ ದಕ್ಷಿಣ ಭಾರತದಿಂದ ಹೋದ ತಮಿಳು ಕೂಲಿಗಳಿಗೆ ಬರುತ್ತಿರಲಿಲ್ಲ. ಅವರು ಉಣ್ಣುತ್ತಿದ್ದುದು ಕುಚ್ಚಲಕ್ಕಿ. ಭತ್ತವನ್ನು ಬೇಯಿಸಿ ಒಣಗಿಸಿದಾಗ ತೌಡಿನ ಸತ್ವ ಕಾಳಿನೊಳಗೆ ಇಳಿಯುತ್ತದೆ, ಗಿರಣಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಕರಾವಳಿಯ ಅಡುಗೆಮನೆಗಳು ಕಾರಣ ತಿಳಿಯದೆಯೂ ಈ ರಕ್ಷಣೆಯನ್ನು ಕಾಪಾಡಿಕೊಂಡು ಬಂದಿದ್ದವು.

1912ರಲ್ಲಿ ಕಾಸಿಮಿರ್ ಫಂಕ್ ಇಂಥ ಸತ್ವಗಳಿಗೆ ವಿಟಮಿನ್ ಎಂಬ ಹೆಸರನ್ನು ಬಳಕೆಗೆ ತಂದರು. 1926ರಲ್ಲಿ ಬಟಾವಿಯಾದ ಅದೇ ಪ್ರಯೋಗಾಲಯದಲ್ಲಿ ಯಾನ್ಸೆನ್ ಮತ್ತು ಡೊನಾತ್ ಎಂಬುವರು ತೌಡಿನಿಂದ ಆ ಸತ್ವವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ. ಅದೇ ಇಂದಿನ ವಿಟಮಿನ್ ಬಿ1, ಅಂದರೆ ಥಯಾಮಿನ್. ಪಿಷ್ಟದಿಂದ ಶಕ್ತಿ ಪಡೆಯಲು ದೇಹಕ್ಕೆ ಇದು ಬೇಕು. ದೇಹದಲ್ಲಿ ಇದರ ದಾಸ್ತಾನು ಕೆಲವೇ ವಾರಗಳಿಗೆ ಸಾಕಾಗುತ್ತದೆ. ಕೋಳಿಗಳು ಮೂರು ವಾರ ಸರಿಯಾಗಿದ್ದು ಆಮೇಲೆ ಕುಂಟಿದ್ದರ ಗುಟ್ಟು ಇದೇ.

ಪ್ರಶಸ್ತಿ ಮತ್ತು ಅಂತ್ಯ

1929ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯನ್ನು ಐಕ್‌ಮನ್ ಮತ್ತು ಇಂಗ್ಲೆಂಡಿನ ಫ್ರೆಡರಿಕ್ ಹಾಪ್‌ಕಿನ್ಸ್ ಅವರಿಗೆ ಹಂಚಲಾಯಿತು. ಗ್ರೈನ್ಸ್ ಅವರಿಗೆ ಪಾಲು ಸಿಗಲಿಲ್ಲ. ಅನಾರೋಗ್ಯದಿಂದ ಐಕ್‌ಮನ್ ಸ್ಟಾಕ್‌ಹೋಮ್‌ಗೆ ಹೋಗಲಾಗಲಿಲ್ಲ. ಆದರೆ ಪ್ರಶಸ್ತಿಗಾಗಿ ಸಿದ್ಧಪಡಿಸಿದ ಉಪನ್ಯಾಸದಲ್ಲಿ ಕೋಳಿ ನೋಡಿಕೊಳ್ಳುತ್ತಿದ್ದ ನೌಕರನನ್ನೂ ಅಕ್ಕಿ ಕೊಡದ ಅಡುಗೆಯವನನ್ನೂ ನೆನೆಯಲು ಅವರು ಮರೆಯಲಿಲ್ಲ. 1930ರ ನವೆಂಬರ್ 5ರಂದು ಉಟ್ರೆಕ್ಟ್‌ನಲ್ಲಿ ಅವರು ನಿಧನರಾದರು. ಬಟಾವಿಯಾದ ಪ್ರಯೋಗಾಲಯಕ್ಕೆ 1938ರಲ್ಲಿ ಅವರ ಹೆಸರನ್ನಿಡಲಾಯಿತು. ಅದರ ಮೊದಲ ಇಂಡೋನೇಷ್ಯಾ ಮೂಲದ ನಿರ್ದೇಶಕರಾದವರು ಡಾ. ಅಹ್ಮದ್ ಮುಖ್ತಾರ್. ಜಪಾನೀ ಸೈನ್ಯ ಸುಳ್ಳು ಆರೋಪ ಹೊರಿಸಿ 1945ರಲ್ಲಿ ಅವರನ್ನು ಕೊಂದಿತು.

ನಮಗೇನು ಪಾಠ?

ಬೆರಿಬೆರಿ ಹಳೆಯ ಕಥೆ ಎಂದು ಭಾವಿಸಬೇಡಿ. 2010ರ ನಂತರದ ವರ್ಷಗಳಲ್ಲಿಯೂ ಕಾಶ್ಮೀರದ ವೈದ್ಯರು ಥಯಾಮಿನ್ ಕೊರತೆಯಿಂದ ಹಾಲುಗೂಸುಗಳು ಸಾವಿನ ದವಡೆಗೆ ಸಿಲುಕುವುದನ್ನು ವರದಿ ಮಾಡಿದ್ದಾರೆ. ಬಾಣಂತಿಯರ ಊಟದಲ್ಲಿ ಬಿಳಿ ಅನ್ನವೇ ಹೆಚ್ಚಾಗಿತ್ತು. ಆದ್ದರಿಂದ ತಾಯಂದಿರೇ, ಅಕ್ಕಿಯನ್ನು ಹತ್ತು ಸಲ ತೊಳೆಯಬೇಡಿ, ಗಂಜಿ ಬಸಿದು ಚೆಲ್ಲಬೇಡಿ. ತಟ್ಟೆಯಲ್ಲಿ ಅನ್ನದ ಜೊತೆ ಬೇಳೆಕಾಳು ಇರಲಿ. ಇನ್ನು ನಿಮ್ಮ ಹಿತ್ತಲಿನ ಕೋಳಿ ಕುಂಟಿದರೆ ಮೊದಲು ಪಾದ ನೋಡಿ. ಹಲವು ಕೋಳಿಗಳು ಒಟ್ಟಿಗೆ ಕುಂಟಿದರೆ ಮೇವನ್ನು ನೋಡಿ. ಕೊಕ್ಕರೆ ರೋಗದಂಥ ಸೋಂಕೂ ಇರಬಹುದಾದ್ದರಿಂದ ಅವುಗಳನ್ನು ಬೇರೆಯಿಟ್ಟು ಪಶುವೈದ್ಯರನ್ನು ಕಾಣಿ.

ವಿದ್ಯಾರ್ಥಿಗಳಿಗೆ ನನ್ನದೇ ಒಂದು ತಪ್ಪನ್ನು ಹೇಳಿ ಮುಗಿಸುತ್ತೇನೆ. ಒಮ್ಮೆ ತರಗತಿಯಲ್ಲಿ ಎಲೆಯ ಪಿಷ್ಟ ಪರೀಕ್ಷೆ ನಡೆದಿತ್ತು. ಕತ್ತಲಲ್ಲಿಟ್ಟ ಗಿಡದ ಎಲೆ ಅಯೋಡಿನ್‌ಗೆ ನೀಲಿಯಾಗಬಾರದು. ಒಬ್ಬ ಹುಡುಗನ ಎಲೆ ನೀಲಿಯಾಯಿತು. ಏಕೆಂದು ಅವನು ಕೇಳಿದ. ಸಮಯವಿಲ್ಲವೆಂದು ನಾನು ಪುಸ್ತಕದಲ್ಲಿದ್ದಂತೆ ಬರೆದುಕೋ ಎಂದುಬಿಟ್ಟೆ. ಅವನು ಹಾಗೆಯೇ ಬರೆದ, ನಾನು ಸರಿ ಗುರುತು ಹಾಕಿದೆ. ಗಿಡವನ್ನು ಕತ್ತಲಲ್ಲಿ ಸಾಕಷ್ಟು ಹೊತ್ತು ಇಟ್ಟಿರಲಿಲ್ಲ, ಎಲೆಯಲ್ಲಿ ಹಳೆಯ ಪಿಷ್ಟ ಉಳಿದಿತ್ತು ಎಂಬುದು ನನಗೆ ಹೊಳೆದದ್ದು ಆಮೇಲೆ. ಅಂದು ಆ ಹುಡುಗನ ಕಣ್ಣು ಸತ್ಯವನ್ನು ನೋಡಿತ್ತು, ನಾನು ಅದನ್ನು ಅಳಿಸಿ ಹಾಕಿದೆ. ಐಕ್‌ಮನ್ ಅವರ ಗುರುಗಳು ಯಾರಾದರೂ ಹೀಗೆಯೇ ಕಲಿಸಿದ್ದರೆ ಚುಚ್ಚುಮದ್ದಿಲ್ಲದ ಕೋಳಿ ಕುಂಟಿದ್ದು ವರದಿಗೆ ಬರುತ್ತಲೇ ಇರಲಿಲ್ಲ.

ಆದ್ದರಿಂದ ಪ್ರಿಯ ವಿದ್ಯಾರ್ಥಿಗಳೇ, ಕಂಡದ್ದನ್ನು ಕಂಡಂತೆ ಬರೆಯಿರಿ. ಪುಸ್ತಕಕ್ಕೆ ಹೊಂದದಿದ್ದರೆ ಹೆದರದೆ ಏಕೆಂದು ಕೇಳಿ. ಉತ್ತರ ದೊಡ್ಡವರ ಬಳಿ ಸಿಗದಿದ್ದರೆ ಕಾಳು ಹಾಕುವವರನ್ನೂ ಅನ್ನ ಮಾಡುವವರನ್ನೂ ಕೇಳಿ. ನಾವು ಶಿಕ್ಷಕರು ಆ ಪ್ರಶ್ನೆಗೆ ಸಮಯ ಕೊಡೋಣ. ನನ್ನ ಆ ವಿದ್ಯಾರ್ಥಿ ಈ ಪುಟವನ್ನು ಓದಿದರೆ, ಅವನ ಉತ್ತರವೇ ಸರಿಯಾಗಿತ್ತೆಂದು ತಿಳಿಯಲಿ.